ವಿಡಿಯೋ ಆಟದ ಪೆಟ್ಟಿಗೆಯ ಆದಿಯುಗ: ವಿದ್ಯಾರಣ್ಯಪುರದಿಂದ ಒಂದು ಸಮೀಕ್ಷೆ

1972ನೆಯ ಇಸವಿಯಲ್ಲಿ, ಒಂದಕ್ಕೊಂದು ಯಾವ ಸಂಬಂಧವೂ ಇಲ್ಲವೆಂದು ಮೇಲ್ನೋಟಕ್ಕೆ ತೋರುವ ಎರಡು ಸಂಗತಿಗಳು ಭೂಮಂಡಲದ ಎರಡು ಭಾಗಗಳಲ್ಲಿ ನಡೆದುವು. ಅಮೆರಿಕದ ಮ್ಯಾಗ್ನವಾಕ್ಸ್ ಸಂಸ್ಥೆಯು, ಮನೆಯ ಟೆಲಿವಿಷನ್ನಿಗೆ ಜೋಡಿಸಿಕೊಂಡು ಆಡಬಹುದಾದ ಒಡಿಸಿ ಎಂಬ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟಿತು. ಲೋಕದ ಮೊತ್ತಮೊದಲ ಗೃಹ ವಿಡಿಯೋ ಆಟದ ಯಂತ್ರವೆಂಬ ಮನ್ನಣೆ ಅದಕ್ಕೆ ಸಂದಿದೆ. ಅದೇ ವರ್ಷ ಬೆಂಗಳೂರಿನ ಉತ್ತರಕ್ಕೆ ಜಾಲಹಳ್ಳಿಯಲ್ಲಿ, ನಾವೆಲ್ಲರೂ ಬಿ.ಇ.ಎಲ್. ಎಂದೇ ಕರೆಯುವ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ನಮ್ಮ ದೇಶದ ಟೆಲಿವಿಷನ್ ಕೇಂದ್ರಗಳಿಗಾಗಿ ಪ್ರಸಾರಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆಯ ನೌಕರರು ನಿವೇಶನ ಪಡೆದು, ಸಾಲ ಮಾಡಿ, ಮನೆ ಕಟ್ಟಿಕೊಂಡು ನೆಲೆಸಿದ ಪ್ರದೇಶಗಳಲ್ಲಿ ವಿದ್ಯಾರಣ್ಯಪುರವು ಮುಖ್ಯವಾದುದು. ಇಲ್ಲಿನ ಒಂದು ಬಡಾವಣೆ ಇಂದಿಗೂ ಆ ಕಾರ್ಖಾನೆಯ ಹೆಸರನ್ನೇ ಹೊತ್ತಿದೆ. ಟ್ರಾನ್ಸಿಸ್ಟರನ್ನೂ ಚಿತ್ರನಳಿಕೆಯನ್ನೂ ಪ್ರಸಾರಯಂತ್ರವನ್ನೂ ತಮ್ಮ ಕೈಯಾರೆ ನಿರ್ಮಿಸಿದ ಜನರು ವಾಸಿಸುವ ಈ ಊರಿನ ಮನೆಗಳಿಗೆ ಆಟದ ಪೆಟ್ಟಿಗೆಯು ಸಾಮಾನ್ಯವಾಗಿ ಬಂದು ಸೇರಿದುದು ಮಾತ್ರ ಸುಮಾರು ಎರಡು ದಶಕಗಳ ತರುವಾಯ, ಅದೂ ಪರದೇಶದ ಯಂತ್ರವೊಂದರ ಪ್ರತಿಕೃತಿಯ ರೂಪದಲ್ಲಿ. ಇದು ಹೀಗೇಕಾಯಿತೆಂಬ ಪ್ರಶ್ನೆಯನ್ನು ಹಿಡಿದು ಆ ಪೆಟ್ಟಿಗೆಯ ಪೂರ್ವಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ನಮ್ಮವರಿಗೆ ಅವಶ್ಯಕವೆಂದು ನಾನು ಭಾವಿಸಿದ್ದೇನೆ.

ಈ ಯಂತ್ರದ ಜನ್ಮಸ್ಥಾನ ಆಟಿಕೆಯ ಕಾರ್ಖಾನೆಯಲ್ಲವೆಂಬುದು ಮೊದಲು ಗಮನಿಸತಕ್ಕ ವಿಷಯ. ಅದನ್ನು ಕಲ್ಪಿಸಿದ ರಾಲ್ಫ್ ಬೇಯರ್, 1922ರಲ್ಲಿ ಜರ್ಮನಿಯಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ನಾಟ್ಸಿಗಳ ಹಿಂಸೆಯಿಂದ ತಪ್ಪಿಸಿಕೊಂಡು 1938ರಲ್ಲಿ ಅಮೆರಿಕವನ್ನು ಸೇರಿದವರು. ಟೆಲಿವಿಷನ್ ತಂತ್ರವನ್ನು ಅಭ್ಯಾಸಮಾಡಿ, ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ, ಸೈನ್ಯಕ್ಕೆ ಎಲೆಕ್ಟ್ರಾನಿಕ್ ಉಪಕರಣಗಳನ್ನು ಒದಗಿಸುತ್ತಿದ್ದ ಸಂಸ್ಥೆಯಲ್ಲಿ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದವರು. ಕೋಟ್ಯಂತರ ಮನೆಗಳಲ್ಲಿ ಟೆಲಿವಿಷನ್ ಇರುವಾಗ ಅದನ್ನು ನೋಡುವುದಕ್ಕಲ್ಲದೆ ಆಡುವುದಕ್ಕೂ ಏಕೆ ಬಳಸಬಾರದೆಂದು ಯೋಚಿಸಿ, 1966ರ ಸೆಪ್ಟೆಂಬರ್ 1ರಂದು ಅವರು ನಾಲ್ಕು ಪುಟಗಳ ಟಿಪ್ಪಣಿಯೊಂದನ್ನು ಬರೆದಿಟ್ಟರು. ಸಂಸ್ಥೆಯು ಈ ವಿಚಿತ್ರ ಪ್ರಯೋಗಕ್ಕೆಂದು ಕೊಟ್ಟ ಹಣ 2,500 ಡಾಲರು. ಬಿಲ್ ಹ್ಯಾರಿಸನ್, ಬಿಲ್ ರಷ್ ಎಂಬ ಇಬ್ಬರು ಸಹೋದ್ಯೋಗಿಗಳ ನೆರವಿನಿಂದ ಬೇಯರರು ಒಂದಾದಮೇಲೊಂದು ಮಾದರಿಯನ್ನು ಕಟ್ಟಿ, ಕಡೆಗೆ ಮರದ ಬಣ್ಣದ ಹಾಳೆ ಹೊದಿಸಿದ ಒಂದು ಪೆಟ್ಟಿಗೆಯನ್ನು ಸಿದ್ಧಪಡಿಸಿದರು. ಅದನ್ನೇ ಮ್ಯಾಗ್ನವಾಕ್ಸ್ ಸಂಸ್ಥೆಯು ಪರವಾನಗಿ ಪಡೆದು ಒಡಿಸಿಯಾಗಿ ಮಾರಿತು.

ಒಡಿಸಿಯ ಒಳಗೆ ಮೈಕ್ರೋಪ್ರೊಸೆಸರ್ ಇರಲಿಲ್ಲ, ಸ್ಮೃತಿಕೋಶವೂ ಇರಲಿಲ್ಲ. ಬಿಡಿಬಿಡಿಯಾದ ಟ್ರಾನ್ಸಿಸ್ಟರ್ ಮತ್ತು ಡಯೋಡುಗಳಿಂದ ಕೂಡಿದ ಆ ಮಂಡಲವು ಪರದೆಯ ಮೇಲೆ ಕೆಲವು ಬಿಳಿಯ ಚೌಕಗಳನ್ನೂ ಒಂದು ಗೆರೆಯನ್ನೂ ಮೂಡಿಸಬಲ್ಲದಾಗಿದ್ದಿತೇ ಹೊರತು, ಅಂಕಗಳನ್ನು ಎಣಿಸಲಾಗಲಿ ಒಂದು ಶಬ್ದವನ್ನು ಹೊರಡಿಸಲಾಗಲಿ ಅದಕ್ಕೆ ಸಾಧ್ಯವಿರಲಿಲ್ಲ. ಆಟ ಬದಲಾಯಿಸಲು ತೂರಿಸುತ್ತಿದ್ದ ಪಟ್ಟಿಯು ಒಳಗಿನ ತಂತಿಗಳ ಸಂಬಂಧವನ್ನು ಬದಲಿಸುತ್ತಿದ್ದಿತು, ಅಷ್ಟೆ. ಅದರಲ್ಲಿ ಯಾವ ಆದೇಶಾವಳಿಯೂ ಇರಲಿಲ್ಲ. ಮೈದಾನವೂ ಕಾಡೂ ಮನೆಯೂ ಬೇಕೆಂದಾದಾಗ, ಚಿತ್ರ ಬರೆದ ಪಾರದರ್ಶಕ ಹಾಳೆಯೊಂದನ್ನು ಟೆಲಿವಿಷನ್ ಗಾಜಿನ ಮೇಲೆ ಅಂಟಿಸಿಕೊಳ್ಳಬೇಕಾಗಿದ್ದಿತು. ದಾಳ, ಇಸ್ಪೀಟು, ಕಾಗದದ ನೋಟುಗಳೂ ಪೆಟ್ಟಿಗೆಯೊಡನೆ ಬರುತ್ತಿದ್ದುವು. ಅಂದರೆ ಚೌಕಾಬಾರದಂಥ ಮನೆಯಾಟದ ಸಂಪ್ರದಾಯವನ್ನು ಪೂರ್ತಿಯಾಗಿ ಬಿಡದೆ, ಹೊಸ ಯಂತ್ರವು ಅದರ ತೋಳನ್ನು ಹಿಡಿದುಕೊಂಡೇ ಮೊದಲ ಹೆಜ್ಜೆ ಇಟ್ಟಿತು. ಸುಮಾರು ಮೂರೂವರೆ ಲಕ್ಷ ಪೆಟ್ಟಿಗೆಗಳು ಮಾರಾಟವಾದುವೆಂದು ಲೆಕ್ಕ.

ಈಗ ಜಾಲಹಳ್ಳಿಯ ಕಡೆಗೆ ತಿರುಗೋಣ. 1954ರಲ್ಲಿ ರಕ್ಷಣಾ ಸಚಿವಾಲಯದ ಅಧೀನದಲ್ಲಿ ಫ್ರೆಂಚ್ ಸಂಸ್ಥೆಯೊಂದರ ಸಹಕಾರದಿಂದ ಸ್ಥಾಪಿತವಾದ ಬಿ.ಇ.ಎಲ್., 1961ರಲ್ಲಿ ರೇಡಿಯೋ ಕವಾಟಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿ, 1970ರಲ್ಲಿ ಕಪ್ಪು-ಬಿಳುಪು ಟೆಲಿವಿಷನ್ನಿನ ಚಿತ್ರನಳಿಕೆಯನ್ನೂ ಕೈಗೆತ್ತಿಕೊಂಡಿತು. ಒಡಿಸಿಯಂಥ ಪೆಟ್ಟಿಗೆಯ ಅಂಗಾಂಗಗಳಲ್ಲಿ ಈ ಕಾರ್ಖಾನೆಗೆ ಅಪರಿಚಿತವಾದುದು ಒಂದೂ ಇರಲಿಲ್ಲ. ಸ್ಯಾಂಡರ್ಸ್ ಸಂಸ್ಥೆಯೂ ರಕ್ಷಣೆಗಾಗಿ ದುಡಿಯುತ್ತಿದ್ದಿತು, ಬಿ.ಇ.ಎಲ್. ಸಹ ರಕ್ಷಣೆಗಾಗಿಯೇ ದುಡಿಯುತ್ತಿದ್ದಿತು. ಅಲ್ಲಿಯ ತಂತ್ರಜ್ಞರಂತೆ ಇಲ್ಲಿಯವರೂ ನುರಿತವರೇ ಆಗಿದ್ದರು. ವ್ಯತ್ಯಾಸವಿದ್ದುದು ಬುದ್ಧಿಯಲ್ಲಲ್ಲ, ಮನೆಯ ನಡುಕೋಣೆಯಲ್ಲಿ. ಬೇಯರರ ದೇಶದ ನಡುಕೋಣೆಯಲ್ಲಿ ಟೆಲಿವಿಷನ್ ಆಗಲೇ ನೆಲಸಿದ್ದಿತು. ಜಾಲಹಳ್ಳಿಯ ತಂತ್ರಜ್ಞನು ಚಿತ್ರನಳಿಕೆಯನ್ನು ಪರೀಕ್ಷಿಸಿ ಸಂಜೆ ಮನೆಗೆ ಬಂದರೆ ಅಲ್ಲಿ ಇದ್ದುದು ರೇಡಿಯೋ ಮಾತ್ರ. ಉಪಗ್ರಹದ ಮೂಲಕ ಶಿಕ್ಷಣ ನೀಡುವ ಪ್ರಯೋಗದಲ್ಲಿ 1975–76ರಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಟೆಲಿವಿಷನ್ನನ್ನು ಕಂಡುವು, 1977ರಲ್ಲಿ ಗುಲಬರ್ಗಾದಲ್ಲಿ ಕೇಂದ್ರವೂ ಆಯಿತು. ಬೆಂಗಳೂರಿಗೆ ದೂರದರ್ಶನ ಬಂದುದು 1981ರಲ್ಲಿ. ಚಿತ್ರನಳಿಕೆಯನ್ನು ತಯಾರಿಸುವ ನಗರವು ಚಿತ್ರಕ್ಕಾಗಿ ಹನ್ನೊಂದು ವರ್ಷ ಕಾದುಕೊಂಡಿದ್ದಿತೆಂಬುದನ್ನು ನೆನೆದಾಗ, ಆಟದ ಪೆಟ್ಟಿಗೆಯ ವಿಳಂಬಕ್ಕೆ ಬೇರೆ ಕಾರಣವನ್ನು ಬಹಳ ದೂರ ಹುಡುಕಬೇಕಾಗುವುದಿಲ್ಲ.

ಈ ಮಧ್ಯೆ ಹೊರಗಿನ ಪ್ರಪಂಚದಲ್ಲಿ ನಡೆದ ವೃತ್ತಾಂತದ ಮೊದಲ ಭಾಗವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1972ರಲ್ಲೇ ನೋಲನ್ ಬುಷ್ನೆಲ್ ಮತ್ತು ಟೆಡ್ ಡಾಬ್ನಿ ಸ್ಥಾಪಿಸಿದ ಅಟಾರಿ ಸಂಸ್ಥೆಗಾಗಿ ಆಲ್ ಆಲ್ಕಾರ್ನ್ ರಚಿಸಿದ ಪಾಂಗ್ ಎಂಬ ಚೆಂಡಾಟವು ಪಾನಗೃಹಗಳಲ್ಲಿ ಪ್ರಸಿದ್ಧವಾಗಿ, 1975ರಲ್ಲಿ ಮನೆಗೂ ಕಾಲಿಟ್ಟಿತು. ಮರುವರ್ಷ ಜನರಲ್ ಇನ್‌ಸ್ಟ್ರುಮೆಂಟ್ ಸಂಸ್ಥೆಯು ಆ ಆಟವನ್ನೂ ಅದರ ಜಾತಿಯ ಇನ್ನು ಕೆಲವನ್ನೂ ಒಂದೇ ಚಿಪ್ಪಿನಲ್ಲಿ ಅಡಗಿಸಿ ಮಾರತೊಡಗಿದಾಗ, ಚಿಪ್ಪನ್ನು ಕೊಂಡು ಡಬ್ಬಿ ಮಾಡಿಸಬಲ್ಲವರೆಲ್ಲರೂ ಆಟದ ತಯಾರಕರಾದರು. ಅಚ್ಚೊತ್ತಿದ ಆಟದಿಂದ ಬಿಡುಗಡೆ ದೊರೆತುದು 1976ರ ನವೆಂಬರಿನಲ್ಲಿ ಫೇರ್‌ಚೈಲ್ಡ್ ಸಂಸ್ಥೆಯ ಚಾನೆಲ್ ಎಫ್ ಯಂತ್ರದಿಂದ. ಆದೇಶಾವಳಿಯನ್ನು ಹೊತ್ತ ಬಿಡಿ ಕ್ಯಾಸೆಟ್ಟನ್ನು ಯಂತ್ರಕ್ಕೆ ತೂರಿಸಿ ಹೊಸ ಆಟ ಆಡುವ ಪದ್ಧತಿ ಅಲ್ಲಿಂದ ಮೊದಲಾಯಿತು. ಆ ಯಂತ್ರದ ನಿರ್ಮಾಣವನ್ನು ಮುನ್ನಡೆಸಿದವರು ಜೆರಿ ಲಾಸನ್ ಎಂಬ ಕರಿಯ ಎಂಜಿನಿಯರರು. ಅವರ ಹೆಸರು ಬಹುಕಾಲ ಮರೆಯಾಗಿದ್ದುದು ಈ ಇತಿಹಾಸದ ದೊಡ್ಡ ಅನ್ಯಾಯಗಳಲ್ಲೊಂದು.

ಆದರೆ 1977ರ ಅಟಾರಿ ವಿ.ಸಿ.ಎಸ್., ಅಂದರೆ ಮುಂದೆ 2600 ಎಂದು ಹೆಸರಾದ ಯಂತ್ರದ ಬಳಿ ಸ್ವಲ್ಪ ನಿಲ್ಲಲೇಬೇಕು. ಏಕೆಂದರೆ ದಾರಿದ್ರ್ಯದಲ್ಲಿ ಅರಳಿದ ಕೌಶಲಕ್ಕೆ ಅದಕ್ಕಿಂತ ಉತ್ತಮ ನಿದರ್ಶನ ಯಂತ್ರಶಾಸ್ತ್ರದಲ್ಲಿ ದುರ್ಲಭ. ಅದರ ಕಾರ್ಯಸ್ಮೃತಿ 128 ಬೈಟುಗಳು ಮಾತ್ರ. ಈ ವಾಕ್ಯವನ್ನು ಬರೆದಿಡಲು ಬೇಕಾದಷ್ಟು ಸ್ಥಳವೂ ಅದರಲ್ಲಿಲ್ಲ. ಇಡೀ ಪರದೆಯ ಚಿತ್ರವನ್ನು ಹಿಡಿದಿಡುವ ಸ್ಮೃತಿ ಇಲ್ಲದುದರಿಂದ, ಟೆಲಿವಿಷನ್ನಿನ ಎಲೆಕ್ಟ್ರಾನ್ ಕಿರಣವು ಒಂದೊಂದು ಗೆರೆಯನ್ನು ಎಳೆಯುತ್ತಿರುವಾಗಲೇ ಆ ಗೆರೆಯ ಮೇಲೆ ಏನು ಕಾಣಿಸಬೇಕೆಂಬುದನ್ನು ಯಂತ್ರವು ನಿಶ್ಚಯಿಸಬೇಕಾಗಿದ್ದಿತು. ಒಂದು ಗೆರೆಗೆ ದೊರೆಯುವ ಅವಕಾಶ ಪ್ರೊಸೆಸರಿನ 76 ಸ್ಪಂದನಗಳು. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಚಿತ್ರವೇ ಕದಡಿಹೋಗುವುದು. ಎರಡು ಆಟಗಾರ ಆಕೃತಿಗಳು, ಎರಡು ಬಾಣಗಳು, ಒಂದು ಚೆಂಡು, ಹಿನ್ನೆಲೆಯ ಒಂದು ಮೈದಾನ, ಇಷ್ಟನ್ನೇ ಬಲ್ಲ ಯಂತ್ರದಿಂದ 1982ರಲ್ಲಿ ಡೇವಿಡ್ ಕ್ರೇನ್ ಪಿಟ್‌ಫಾಲ್ ಎಂಬ ಅರಣ್ಯಸಾಹಸವನ್ನು ಹೊರತೆಗೆದುದನ್ನು ನೋಡಿದರೆ, ಛಂದಸ್ಸಿನ ಕಟ್ಟಿಗೆ ಒಳಪಟ್ಟೇ ಸ್ವತಂತ್ರನಾಗುವ ಕವಿಯ ಶ್ರಮವು ಸ್ಮರಣೆಗೆ ಬಾರದಿರದು. ಆಟದ ಮೇಲೆ ಕರ್ತೃವಿನ ಹೆಸರನ್ನು ಹಾಕಲು ಅಟಾರಿಯ ಆಡಳಿತವು ಒಪ್ಪದಿದ್ದುದರಿಂದ ಕ್ರೇನ್ ಮತ್ತು ಸಂಗಡಿಗರು ಹೊರಬಂದು 1979ರಲ್ಲಿ ಆಕ್ಟಿವಿಷನ್ ಸಂಸ್ಥೆಯನ್ನು ಕಟ್ಟಿದ್ದರು. ಯಂತ್ರವನ್ನು ಮಾಡುವವನೇ ಆಟವನ್ನೂ ಮಾಡಬೇಕೆಂಬ ನಿರ್ಬಂಧ ಅಂದು ಮುರಿಯಿತು. ಆಟಕ್ಕೂ ಕರ್ತೃವಿರುತ್ತಾನೆಂಬ ತತ್ತ್ವ ಅಂದು ಸ್ಥಾಪಿತವಾಯಿತು.

ಆ ಬಿಡುಗಡೆಯ ಬೆನ್ನಿಗೇ ಅತಿರೇಕವೂ ಬಂದಿತು. ಕಳಪೆ ಆಟಗಳ ಪ್ರವಾಹದಲ್ಲಿ ಅಮೆರಿಕದ ಮಾರುಕಟ್ಟೆಯು 1983ರಲ್ಲಿ ಕುಸಿದು, ಕೆಲವು ನೂರು ಕೋಟಿ ಡಾಲರುಗಳ ವ್ಯಾಪಾರವು ಎರಡು ವರ್ಷಗಳಲ್ಲಿ ಸುಮಾರು ಹತ್ತು ಕೋಟಿಗೆ ಇಳಿಯಿತು. ಮಾರಾಟವಾಗದ ಕ್ಯಾಸೆಟ್ಟುಗಳನ್ನು ನ್ಯೂ ಮೆಕ್ಸಿಕೋದ ಅಲಮಗೋರ್ಡೋ ಊರಿನ ತಿಪ್ಪೆಯಲ್ಲಿ ಹೂಳಲಾಯಿತು. ಆ ಪತನದ ಸದ್ದು ಕೂಡ ಬೆಂಗಳೂರಿಗೆ ಕೇಳಿಸಿರಲಾರದು. ಆದರೂ ಅದರ ಪರಿಣಾಮವೊಂದು ನಮ್ಮನ್ನು ಮುಟ್ಟಿತು, ಹೇಗೆಂಬುದನ್ನು ವಿವರಿಸುತ್ತೇನೆ.

1983ರ ಜುಲೈ 15ರಂದು ಜಪಾನಿನ ನಿಂಟೆಂಡೋ ಸಂಸ್ಥೆಯು ಮಸಾಯುಕಿ ಉಎಮುರಾ ಅವರ ನೇತೃತ್ವದಲ್ಲಿ ನಿರ್ಮಿಸಿದ ಫ್ಯಾಮಿಕಾಂ ಎಂಬ ಪೆಟ್ಟಿಗೆಯನ್ನು 14,800 ಯೆನ್ ಬೆಲೆಗೆ ಬಿಡುಗಡೆ ಮಾಡಿತು. ಚಿತ್ರ ರಚಿಸುವುದಕ್ಕೆಂದೇ ಪ್ರತ್ಯೇಕವಾದ ಚಿಪ್ಪು, ಪರದೆಯನ್ನು ಸಣ್ಣ ಚೌಕಗಳಿಂದ ಜೋಡಿಸಿ ಮೃದುವಾಗಿ ಸರಿಸುವ ಸಾಮರ್ಥ್ಯ, ಒಮ್ಮೆಗೆ 64 ಚಲಿಸುವ ಆಕೃತಿಗಳು, ಇವು ಅದರ ವಿಶೇಷಗಳು. 1985ರಲ್ಲಿ ಇದೇ ಯಂತ್ರವನ್ನು ಅಮೆರಿಕಕ್ಕೆ ಒಯ್ಯುವಾಗ, ಕಳಪೆ ಕ್ಯಾಸೆಟ್ಟುಗಳ ಪ್ರಳಯ ಮರುಕಳಿಸದಿರಲೆಂದು ನಿಂಟೆಂಡೋ ಅದರೊಳಗೆ ಬೀಗದಂತಹ ಚಿಪ್ಪೊಂದನ್ನು ಇರಿಸಿತು. ಜೊತೆಯ ಚಿಪ್ಪು ಇರುವ ಅಧಿಕೃತ ಕ್ಯಾಸೆಟ್ಟಿಗೆ ಮಾತ್ರ ಅದು ತೆರೆದುಕೊಳ್ಳುತ್ತಿದ್ದಿತು. ಜಪಾನಿನ ಮೂಲ ಫ್ಯಾಮಿಕಾಂಗೆ ಈ ಬೀಗವಿರಲಿಲ್ಲ. ತೈವಾನಿನ ಯು.ಎಂ.ಸಿ. ಮೊದಲಾದ ಸಂಸ್ಥೆಗಳು ಆ ಯಂತ್ರದ ಚಿಪ್ಪುಗಳಿಗೆ ಪ್ರತಿರೂಪಗಳನ್ನು ತಯಾರಿಸತೊಡಗಿದಾಗ, ಅವರು ಅನುಸರಿಸಿದುದು ಸಹಜವಾಗಿಯೇ ಬೀಗವಿಲ್ಲದ ಜಪಾನೀ ಮಾದರಿಯನ್ನು. ಭಾರತ, ರಷ್ಯಾ, ಬ್ರೆಜಿಲ್ ಮೊದಲಾದ ದೇಶಗಳ ಮಕ್ಕಳಿಗೆ ವಿಡಿಯೋ ಗೇಮ್ ಎಂದರೆ ಏನೆಂಬುದನ್ನು ನಿರ್ಧರಿಸಿದುದು ಈ ಪ್ರತಿಕೃತಿಗಳೇ.

ನಮ್ಮಲ್ಲಿ ಅವು ಸಮುರಾಯ್, ಲಿಟ್ಲ್ ಮಾಸ್ಟರ್ ಮೊದಲಾದ ಹೆಸರುಗಳಲ್ಲಿ 1990ರ ದಶಕದಲ್ಲಿ ಮನೆಮಾತಾದುವು. ಅಟಾರಿ 2600ರ ಪ್ರತಿರೂಪಗಳೂ ಅದಕ್ಕೆ ಸ್ವಲ್ಪ ಹಿಂದುಮುಂದಾಗಿ ಓಡಾಡುತ್ತಿದ್ದುವು. ಬೆಂಗಳೂರಿನಲ್ಲಿ ಅವುಗಳನ್ನು ಹುಡುಕುವವರು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್, ಬರ್ಮಾ ಬಜಾರ್, ಎಸ್.ಪಿ. ರಸ್ತೆಗಳ ಕಡೆಗೆ ಹೋಗುತ್ತಿದ್ದರು. ವಿದ್ಯಾರಣ್ಯಪುರದಂಥ ನೌಕರವರ್ಗದ ಊರಿನಲ್ಲಿ ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ನಡೆಯುತ್ತಿದ್ದ ವಿಧಿಗಳನ್ನು ಆ ಕಾಲದವರೆಲ್ಲರೂ ಬಲ್ಲರು: ಆಂಟೆನಾದ ತಂತಿಯನ್ನು ತೆಗೆದು ಪೆಟ್ಟಿಗೆಯ ತಂತಿಯನ್ನು ಸಿಕ್ಕಿಸುವುದು, ಚಿತ್ರ ಹಿಡಿಯುವ ತನಕ ಚಾನೆಲನ್ನು ತಿರುಗಿಸುವುದು, ಆಟ ಮೂಡದಿದ್ದರೆ ಕ್ಯಾಸೆಟ್ಟನ್ನು ಹೊರಗೆಳೆದು ಬಾಯಿಂದ ಊದಿ ಮತ್ತೆ ಹಾಕುವುದು, ಅಡಾಪ್ಟರ್ ಬಿಸಿಯಾಯಿತೆಂದು ಹಿರಿಯರು ಗದರಿಸುವುದು. ಪೆಟ್ಟಿಗೆ ಕೊಳ್ಳಲಾರದವರಿಗೆ ಗಂಟೆಯ ಬಾಡಿಗೆಗೆ ಆಡಿಸುವ ಅಂಗಡಿಗಳಿದ್ದುವು. ಕ್ಯಾಸೆಟ್ಟಿನ ಮೇಲೆ ಲಕ್ಷಾಂತರ ಆಟಗಳಿವೆಯೆಂದು ಅಚ್ಚಾಗಿದ್ದರೂ ಒಳಗಿರುತ್ತಿದ್ದುವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮಾರಿಯೋ, ಕಾಂಟ್ರಾ, ಬಾತುಕೋಳಿಯ ಬೇಟೆ, ಕಾರಿನ ಓಟ ಇಷ್ಟಿದ್ದರೆ ಮಕ್ಕಳಿಗೆ ಮತ್ತೇನೂ ಬೇಕಿರಲಿಲ್ಲ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಜಪಾನಿನ ಟೆಲಿವಿಷನ್ ಪದ್ಧತಿಯಲ್ಲಿ ಚಿತ್ರವು ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ನಮ್ಮ ಪಾಲ್ ಪದ್ಧತಿಯಲ್ಲಿ 50 ಸಲ. ಆಟದ ಗತಿಯು ಈ ಎಣಿಕೆಯನ್ನೇ ಅವಲಂಬಿಸಿದುದರಿಂದ, ಪಾಲ್‌ಗೆ ಒಗ್ಗಿಸಿದ ಪೆಟ್ಟಿಗೆಗಳಲ್ಲಿ ಓಟವೂ ಸಂಗೀತವೂ ಆರನೆಯ ಒಂದು ಭಾಗದಷ್ಟು ನಿಧಾನವಾಗುತ್ತಿದ್ದುವು. ಕ್ಯೋಟೋ ನಗರದ ಬಾಲಕನು ಕಂಡ ಮಾರಿಯೋಗೂ ನಮ್ಮ ಬಾಲಕನು ಕಂಡ ಮಾರಿಯೋಗೂ ನಡಿಗೆಯಲ್ಲೇ ಅಂತರವಿದ್ದಿತು.

ಮೂಲಯಂತ್ರವೇ ಏಕೆ ಬರಲಿಲ್ಲವೆಂಬುದಕ್ಕೆ ಉತ್ತರ ನಮ್ಮ ಅಂದಿನ ಅರ್ಥನೀತಿಯಲ್ಲಿದೆ. ಭೋಗವಸ್ತುಗಳ ಆಮದಿಗೆ ಇದ್ದ ನಿರ್ಬಂಧವು 1991ರ ಉದಾರೀಕರಣದ ತರುವಾಯವೂ ಬಹುಮಟ್ಟಿಗೆ ಉಳಿದುಕೊಂಡು, ಪೂರ್ಣವಾಗಿ ತೊಲಗಿದುದು 2001ರ ಏಪ್ರಿಲಿನಲ್ಲಿ; ಅದುವರೆಗೆ ಮೂಲಯಂತ್ರವು ಬರುತ್ತಿದ್ದುದು ಹೆಚ್ಚಾಗಿ ವಿದೇಶದಿಂದ ಹಿಂದಿರುಗುವ ಬಂಧುಗಳ ಸಾಮಾನಿನ ಜೊತೆಯಲ್ಲಿ. 1995ರಲ್ಲಿ ಸೇಗಾ ಸಂಸ್ಥೆಯು ಶೇಕಡಾ 80ರ ಆಮದು ಸುಂಕವನ್ನು ತಪ್ಪಿಸಿಕೊಳ್ಳಲು ಷಾ ವಾಲೇಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಮೆಗಾ ಡ್ರೈವ್ ಯಂತ್ರವನ್ನು ತಂದಾಗಲೂ ಅದರ ಬೆಲೆ 18,000 ರೂಪಾಯಿ. ಕಾರ್ಖಾನೆಯ ನೌಕರನಿಗೆ ಅದು ಕೆಲವು ತಿಂಗಳ ವೇತನ. ಸರ್ಕಾರದ ದೃಷ್ಟಿಯಲ್ಲಿ ಎಲೆಕ್ಟ್ರಾನಿಕ್ ವಿದ್ಯೆಯ ವಿನಿಯೋಗವಾಗಬೇಕಾದುದು ರೇಡಾರಿಗೆ, ಪ್ರಸಾರಕ್ಕೆ, ಶಿಕ್ಷಣಕ್ಕೆ. ವಿದೇಶೀ ವಿನಿಮಯದ ಕ್ಷಾಮವಿದ್ದ ದೇಶವು ಹಾಗೆ ಯೋಚಿಸಿದುದನ್ನು ನಾನು ಆಕ್ಷೇಪಿಸಲಾರೆ. ಆದರೆ ಆಟವನ್ನು ಶಿಕ್ಷಣದಿಂದ ಪ್ರತ್ಯೇಕಿಸಿದುದು ಸರಿಯಲ್ಲವೆಂದು ಖಂಡಿತವಾಗಿ ಹೇಳುತ್ತೇನೆ. 1984–85ರಲ್ಲಿ ಕೇಂದ್ರ ಸರ್ಕಾರವು 250 ಶಾಲೆಗಳಲ್ಲಿ ಗಣಕಶಿಕ್ಷಣವನ್ನು ಆರಂಭಿಸಿದಾಗ ಒದಗಿಸಿದ ಬಿ.ಬಿ.ಸಿ. ಮೈಕ್ರೋ ಯಂತ್ರದ ಹೃದಯವು 6502 ಎಂಬ ಪ್ರೊಸೆಸರು. ಅಟಾರಿಯ 6507 ಅದರದೇ ತಮ್ಮ, ಫ್ಯಾಮಿಕಾಂನೊಳಗೆ ಇದ್ದುದೂ ಅದೇ ವಂಶದ್ದು. ಒಂದೇ ವಂಶದ ಯಂತ್ರವು ಶಾಲೆಯಲ್ಲಿ ಪೂಜ್ಯವಾಗಿಯೂ ಮನೆಯಲ್ಲಿ ವರ್ಜ್ಯವಾಗಿಯೂ ಇದ್ದಿತೆಂದರೆ ದೋಷ ಯಂತ್ರದ್ದಲ್ಲ. ಇನ್ನು ಸಾಮರ್ಥ್ಯದ ಮಾತನ್ನಾಡುವುದಾದರೆ, 1989ರ ಹೊತ್ತಿಗೆ ಬಿ.ಇ.ಎಲ್. ಚುನಾವಣಾ ಆಯೋಗಕ್ಕಾಗಿ ಮತಯಂತ್ರಗಳನ್ನು ತಯಾರಿಸುತ್ತಿದ್ದಿತು. ಚಿಪ್ಪಿನಲ್ಲಿ ಅಚ್ಚೊತ್ತಿದ ಆದೇಶಾವಳಿ, ಒತ್ತುಗುಂಡಿ, ತಪ್ಪದ ಎಣಿಕೆ, ಇವೆಲ್ಲವೂ ಆ ಕೈಗಳಿಗೆ ಕರತಲಾಮಲಕವಾಗಿದ್ದುವು.

ಪಾಶ್ಚಾತ್ಯ ಲೇಖಕರು ಆಟದ ಪೆಟ್ಟಿಗೆಗಳನ್ನು ತಲೆಮಾರುಗಳಾಗಿ ವಿಂಗಡಿಸುತ್ತಾರೆ: 1972ರಿಂದ ಮೊದಲನೆಯದು, 1976ರಿಂದ ಎರಡನೆಯದು, 1983ರಿಂದ ಮೂರನೆಯದು. ಈ ವರ್ಗೀಕರಣವನ್ನು ನಾವು ಕಣ್ಣುಮುಚ್ಚಿ ಅಂಗೀಕರಿಸಿದರೆ, ನಮ್ಮ ಚರಿತ್ರೆಯು ಅನ್ಯರ ಚರಿತ್ರೆಯ ತಡವಾದ ಪ್ರತಿಧ್ವನಿಯೆಂದು ಒಪ್ಪಿಕೊಂಡಂತಾಗುವುದು. ನಮ್ಮ ದೇಶದ ಬಹುಪಾಲು ಮನೆಗಳಲ್ಲಿ ಮೊದಲನೆಯ ತಲೆಮಾರು ಇರಲೇ ಇಲ್ಲ, ಎರಡನೆಯದು ವಿರಳವಾಗಿದ್ದಿತು. ಅವರ ಮೂರನೆಯದೇ ನಮ್ಮ ಆದಿಯುಗ. ಜಪಾನಿನಲ್ಲಿ 1994ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ಬಂದು ಯುಗವೇ ಬದಲಾದಾಗ, ನಮ್ಮಲ್ಲಿ ಹನ್ನೊಂದು ವರ್ಷ ಹಳೆಯದಾದ ವಿನ್ಯಾಸವು ಯೌವನದಲ್ಲಿದ್ದಿತು. ಪ್ರತಿಕೃತಿಯೆಂಬ ಕಾರಣದಿಂದ ಅದನ್ನು ಇತಿಹಾಸದಿಂದ ಹೊರಗಿಡುವುದು ಯುಕ್ತವಲ್ಲ. ಕೃತಿಸ್ವಾಮ್ಯದ ದೃಷ್ಟಿಯಿಂದ ಆ ವ್ಯಾಪಾರ ಸರಿಯಿರಲಿಲ್ಲ. ತನ್ನ ಹೆಸರಿಗಾಗಿ ಹೋರಾಡಿದ ಕ್ರೇನನಂಥ ಕರ್ತೃವಿಗೆ ಅದರಿಂದ ಬಿಡಿಗಾಸೂ ಸಲ್ಲಲಿಲ್ಲ. ಆದರೂ ಒಂದು ಪೀಳಿಗೆಗೆ ಯಂತ್ರದೊಡನೆ ಸಂಭಾಷಿಸುವ ಪ್ರಥಮ ಪಾಠವನ್ನು ಕಲಿಸಿದುದು ಅದೇ. ಭಾರತದ ಆಟನಿರ್ಮಾಣ ಸಂಸ್ಥೆಗಳಲ್ಲಿ ಅಗ್ರಗಣ್ಯವೆನಿಸಿದ್ದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಸ್ಥಾಪಿತವಾದುದು ಬೆಂಗಳೂರಿನಲ್ಲಿಯೇ. ಇಂದು ಜಗತ್ಪ್ರಸಿದ್ಧ ಆಟಗಳ ಕೆಲಸ ಈ ನಗರದಲ್ಲಿ ನಡೆಯುತ್ತಿದೆ.

ಬೇಯರರ ಕಂದುಬಣ್ಣದ ಮಾದರಿಪೆಟ್ಟಿಗೆಯನ್ನು ಅಮೆರಿಕದವರು ತಮ್ಮ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿರಿಸಿದ್ದಾರೆ. ಅಲಮಗೋರ್ಡೋದಲ್ಲಿ ಹೂತುಹಾಕಿದ ಕ್ಯಾಸೆಟ್ಟುಗಳನ್ನು 2014ರಲ್ಲಿ ಅಗೆದು ತೆಗೆದು, ಅವುಗಳಿಗೂ ವಸ್ತುಸಂಗ್ರಹಾಲಯಗಳಲ್ಲಿ ಸ್ಥಾನ ಕೊಟ್ಟಿದ್ದಾರೆ. ನಮ್ಮ ಪೆಟ್ಟಿಗೆಗಳು ಗುಜರಿಯವನ ತಕ್ಕಡಿಯಲ್ಲಿ ತೂಗಿಹೋಗುತ್ತಿವೆ. ಬಿ.ಇ.ಎಲ್. ಬಡಾವಣೆಯಲ್ಲಿಯೂ ಸುತ್ತಲಿನ ಬೀದಿಗಳಲ್ಲಿಯೂ ಹಳೆಯ ಮನೆಗಳನ್ನು ಕೆಡವಿ ಬಹುಮಹಡಿಯ ಕಟ್ಟಡಗಳನ್ನು ಏಳಿಸುತ್ತಿರುವ ಈ ಕಾಲದಲ್ಲಿ, ಅಟ್ಟ ಖಾಲಿಮಾಡುವವರಲ್ಲಿ ನನ್ನದೊಂದು ಪ್ರಾರ್ಥನೆ. ಅಲ್ಲಿ ಸಿಕ್ಕುವ ಸಮುರಾಯ್, ಲಿಟ್ಲ್ ಮಾಸ್ಟರ್ ಅಥವಾ ಹೆಸರೇ ಇಲ್ಲದ ಪೆಟ್ಟಿಗೆಯನ್ನು ಎಸೆಯಬೇಡಿರಿ. ಅದನ್ನು ಕೊಂಡ ವರ್ಷ, ಅಂಗಡಿ ಮತ್ತು ಬೆಲೆಯನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇರಿಸಿರಿ. ರಸೀತಿಯಿದ್ದರೆ ಅದನ್ನೂ ಸೇರಿಸಿರಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದವರು ಇಂತಹ ವಸ್ತುಗಳಿಗೆಂದು ಒಂದು ಕಪಾಟನ್ನು ಮೀಸಲಿಡಲಿ, ಬಿ.ಇ.ಎಲ್.ನ ನಿವೃತ್ತ ತಂತ್ರಜ್ಞರು ಅವುಗಳನ್ನು ಬಿಚ್ಚಿ, ಕೆಟ್ಟ ಬೆಸುಗೆಯನ್ನು ಸರಿಪಡಿಸಿ, ಒಳಗಿನ ಚಿಪ್ಪುಗಳ ಪಟ್ಟಿಯನ್ನು ಸಿದ್ಧಪಡಿಸಿಕೊಡಲಿ. ಈ ಕೆಲಸವನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಇದು ನಡೆಯಬೇಕು.